ಕಠ್ಮಂಡು–ಲುಂಬಿನಿ ವಿದ್ಯಾರ್ಥಿ ಪ್ರವಾಸ: 9 ದಿನ, 28 ಮಕ್ಕಳು, ಜೊತೆಗೆ ಸ್ವಯಂಸೇವೆ. ಯೋಜನೆ ಸರಿಯಿದೆಯೇ?

ತುಂಗೆಯ ದಡ:
ನಮಸ್ಕಾರ. ಪದವಿ ಮೊದಲ ವರ್ಷದ 28 ಇತಿಹಾಸ ವಿದ್ಯಾರ್ಥಿಗಳು, ಮೂವರು ಉಪನ್ಯಾಸಕರು (ಇಬ್ಬರು ಮಹಿಳೆಯರು). ವಿಷಯ: ನೇಪಾಳದ ಹಿಂದೂ ಮತ್ತು ಬೌದ್ಧ ಪರಂಪರೆ. ದಸರಾ ರಜೆಯಲ್ಲಿ ಹೊರಡುವ ಯೋಚನೆ. ಲುಂಬಿನಿ 2 ದಿನ, ಕಠ್ಮಂಡು ಕಣಿವೆಯಲ್ಲಿ ಹಿಂದೂ ದೇವಾಲಯಗಳಿಗೆ 2 ದಿನ, ಬೌದ್ಧ ಸ್ತೂಪಗಳಿಗೆ 2 ದಿನ. ಉಳಿದ 2 ದಿನ ಅನಾಥಾಶ್ರಮವೊಂದರಲ್ಲಿ ಸೇವೆ ಎಂದು ಪ್ರವಾಸದ ಏಜೆಂಟರು ಸೂಚಿಸಿದ್ದಾರೆ. 6 ಮಕ್ಕಳಿಗೆ ಇನ್ನೂ 18 ತುಂಬಿಲ್ಲ. ಗುಂಪಿನಲ್ಲಿ ಮೂವರು ಮುಸ್ಲಿಂ, ಒಬ್ಬರು ಕ್ರೈಸ್ತ ವಿದ್ಯಾರ್ಥಿಗಳಿದ್ದಾರೆ. ಎಲ್ಲಿ ಎಡವಬಹುದು, ತಿಳಿಸಿ.

ಹಿಮದ ದಾರಿ:
ಮೇಡಂ, ಮೊದಲು ದಿನಾಂಕ ಬದಲಿಸಿ. ನಮ್ಮ ದಸರಾ ಅಂದರೆ ಅಲ್ಲಿ ದಶೈಂ, ನೇಪಾಳದ ಅತಿ ದೊಡ್ಡ ಹಬ್ಬ. ಕಠ್ಮಂಡುವಿನಲ್ಲಿ ದುಡಿಯುವವರೆಲ್ಲ ಊರಿಗೆ ಹೊರಡುತ್ತಾರೆ, ಬಸ್ಸಿನ ಸೀಟು ಸಿಗುವುದಿಲ್ಲ. ಅಂಗಡಿ, ಕಚೇರಿ, ಶಾಲೆ ದಿನಗಟ್ಟಲೆ ಮುಚ್ಚಿರುತ್ತವೆ. ಸ್ವಯಂಸೇವೆಗೆ ಒಪ್ಪಿಕೊಂಡ ಸಂಸ್ಥೆಯಲ್ಲೂ ಬಾಗಿಲು ತೆಗೆಯುವವರು ಇರುವುದಿಲ್ಲ. ಅದು ಮುಗಿದ ಕೆಲವೇ ವಾರಗಳಲ್ಲಿ ತಿಹಾರ್, ಅಂದರೆ ನಮ್ಮ ದೀಪಾವಳಿ, ಅದರ ಬೆನ್ನಿಗೇ ಛಠ್.

ಕಾರ್ತಿಕ ಹುಣ್ಣಿಮೆ ಕಳೆದ ಮೇಲಿನ ಎರಡು ಮೂರು ವಾರ ಒಳ್ಳೆಯದು. ಆಕಾಶ ತಿಳಿಯಾಗಿರುತ್ತದೆ, ರಸ್ತೆ ಒಣಗಿರುತ್ತದೆ. ಡಿಸೆಂಬರ್ ನಡುಭಾಗದಿಂದ ಜನವರಿವರೆಗೆ ಲುಂಬಿನಿ ಇರುವ ತರಾಯಿ ಬಯಲಿನಲ್ಲಿ ದಟ್ಟ ಮಂಜು ಕವಿದು ರೈಲು, ವಿಮಾನ ಎರಡೂ ತಡವಾಗುತ್ತವೆ. ಫೆಬ್ರವರಿ ಕೊನೆಯೂ ಆಗಬಹುದು. ಜೂನ್‌ನಿಂದ ಸೆಪ್ಟೆಂಬರ್ ಬೇಡವೇ ಬೇಡ. 2024ರ ಜುಲೈನಲ್ಲಿ ನಾರಾಯಣಘಾಟ್–ಮುಗ್ಲಿಂಗ್ ರಸ್ತೆಯ ಸಿಮಲತಾಲದಲ್ಲಿ ಗುಡ್ಡ ಕುಸಿದು ಎರಡು ಬಸ್ಸುಗಳು ತ್ರಿಶೂಲಿ ನದಿ ಪಾಲಾದವು. ಲುಂಬಿನಿಯಿಂದ ಕಠ್ಮಂಡುವಿಗೆ ಹೋಗುವ ಮುಖ್ಯ ದಾರಿ ಅದೇ. ಯಾವ ತಿಂಗಳಾದರೂ ರಾತ್ರಿ ಬಸ್ಸು ಹತ್ತಬೇಡಿ.

ಇನ್ನೊಂದು: ನೇಪಾಳದಲ್ಲಿ ವಾರದ ರಜೆ ಶನಿವಾರ. ಭಾನುವಾರ ರಜೆ ಎಂದುಕೊಂಡು ಪಟ್ಟಿ ಹಾಕಿದರೆ ಎಲ್ಲ ತಲೆಕೆಳಗಾಗುತ್ತದೆ. ಗಡಿಯಾರವನ್ನು 15 ನಿಮಿಷ ಮುಂದಿಡಲು ಮಕ್ಕಳಿಗೆ ಹೇಳಿ.

ಪತ್ರದ ಕಟ್ಟು:
ಭಾರತೀಯರಿಗೆ ವೀಸಾ ಬೇಡ, ಆದರೆ ಗುರುತಿನ ಪತ್ರದ ವಿಷಯದಲ್ಲಿ ಅತಿ ಹೆಚ್ಚು ತಪ್ಪಾಗುತ್ತದೆ. 18 ದಾಟಿದವರಿಗೆ ಎರಡೇ ದಾಖಲೆ ನಡೆಯುತ್ತವೆ: ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಮತದಾರರ ಗುರುತಿನ ಚೀಟಿ. ಆಧಾರ್, ಪ್ಯಾನ್, ಚಾಲನಾ ಪರವಾನಗಿ ತೋರಿಸಿದರೆ ವಿಮಾನದ ಕೌಂಟರಿನಿಂದಲೇ ಹಿಂದಕ್ಕೆ ಕಳಿಸುತ್ತಾರೆ. ಆಧಾರ್ ನಡೆಯುವುದು 15ಕ್ಕಿಂತ ಚಿಕ್ಕವರಿಗೆ ಮತ್ತು 65 ದಾಟಿದವರಿಗೆ ಮಾತ್ರ.

15ರಿಂದ 18ರ ನಡುವಿನ ನಿಮ್ಮ 6 ಮಕ್ಕಳಿಗೆ ಪ್ರಾಂಶುಪಾಲರು ನಿಗದಿತ ನಮೂನೆಯಲ್ಲಿ ಕೊಟ್ಟ ಗುರುತಿನ ಪ್ರಮಾಣಪತ್ರ ಸಾಕು. ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಸ್ವಂತ ಒಕ್ಕಣೆ ಬರೆಯಬೇಡಿ, ನಮೂನೆಯಲ್ಲೇ ಇರಲಿ. ಫೋಟೊ ಅಂಟಿಸಿ, ಸಹಿ ಮತ್ತು ಮೊಹರು ಹಾಕಿಸಿ, ಮೂಲಪ್ರತಿಯನ್ನೇ ಒಯ್ಯಿರಿ. ಪ್ರಯಾಣದ ದಿನಕ್ಕೆ ಯಾರಿಗೆ 18 ತುಂಬಿರುತ್ತದೆ ಎಂದು ಜನ್ಮದಿನಾಂಕ ಹಿಡಿದು ಲೆಕ್ಕ ಹಾಕಿ. ಹೊರಡುವ ವಾರದಲ್ಲೇ 18 ತುಂಬುವ ಮಗು ಈ ಪ್ರಮಾಣಪತ್ರ ಹಿಡಿದು ಬಂದರೆ ತೊಂದರೆ. ಅಂಥವರಿಗೆ ಪಾಸ್‌ಪೋರ್ಟ್ ಮಾಡಿಸುವುದೇ ಕ್ಷೇಮ. ಈಗಷ್ಟೇ 18 ಆದವರು ನಮೂನೆ 6ರಲ್ಲಿ ಮತದಾರರ ಪಟ್ಟಿಗೆ ಅರ್ಜಿ ಹಾಕಬಹುದು, ಆದರೆ ಚೀಟಿ ಕೈಗೆ ಬರಲು ವಾರಗಳು ಬೇಕು.

ತಂದೆ ತಾಯಿಯ ಒಪ್ಪಿಗೆ ಪತ್ರ, ರಕ್ತದ ಗುಂಪು, ಅಲರ್ಜಿಯ ವಿವರ, ಎರಡು ಜೆರಾಕ್ಸ್ ಪ್ರತಿ: ಒಂದು ಮಗುವಿನ ಚೀಲದಲ್ಲಿ, ಇನ್ನೊಂದು ಉಪನ್ಯಾಸಕರ ಬಳಿ. ಅಲ್ಲಿನ ಪೊಲೀಸ್ ಸಂಖ್ಯೆ 100, ಆಂಬ್ಯುಲೆನ್ಸ್ 102, ಪ್ರವಾಸಿ ಪೊಲೀಸ್ 1144. ಫೋನಿನಲ್ಲಿ ಮಾತ್ರವಲ್ಲ, ಕಾಗದದಲ್ಲೂ ಇರಲಿ.

ಮಲ್ಲರ ಅಂಗಳ:
ದಾಖಲೆಗಿಂತ ದೊಡ್ಡ ತೊಂದರೆ ನಿಮ್ಮ ಪಟ್ಟಿಯಲ್ಲೇ ಇದೆ ಮೇಡಂ. "ಹಿಂದೂ 2 ದಿನ, ಬೌದ್ಧ 2 ದಿನ" ಎಂಬ ವಿಂಗಡಣೆ ಕಠ್ಮಂಡು ಕಣಿವೆಯಲ್ಲಿ ನಿಲ್ಲುವುದಿಲ್ಲ. ಹಾಗೆ ಹಂಚಿಕೊಂಡು ಹೋದರೆ ಅಲ್ಲಿನ ಮುಖ್ಯ ಪಾಠವೇ ಮಕ್ಕಳ ಕೈ ತಪ್ಪುತ್ತದೆ. ಕಣಿವೆಯ ಮೂಲನಿವಾಸಿಗಳಾದ ನೇವಾರರ ಮನೆಯಲ್ಲಿ "ನೀವು ಶಿವಮಾರ್ಗಿಯೋ ಬುದ್ಧಮಾರ್ಗಿಯೋ" ಎಂದು ಕೇಳಿದರೆ ಸಿಗುವ ಉತ್ತರ ಹೆಚ್ಚಾಗಿ ಪುರೋಹಿತರು ಯಾರು ಎಂಬುದನ್ನು ಹೇಳುತ್ತದೆ, ಯಾವ ದೇವರಿಗೆ ಕೈ ಮುಗಿಯುತ್ತಾರೆ ಎಂಬುದನ್ನಲ್ಲ.

ಸ್ವಯಂಭೂ ಬೆಟ್ಟವನ್ನೇ ನೋಡಿ. ಪೂರ್ವದ 365 ಮೆಟ್ಟಿಲು ಹತ್ತಿ ಸ್ತೂಪ ಸುತ್ತಿದರೆ ವಾಯವ್ಯಕ್ಕೆ ಹಾರೀತಿ ಗುಡಿ. ಸಿಡುಬಿನಿಂದ ಮಕ್ಕಳನ್ನು ಕಾಯುವ ಅಜಿಮಾ, ನಮ್ಮೂರ ಮಾರಮ್ಮನ ಕೆಲಸ ಅವಳದ್ದು. ಬೌದ್ಧ ದೇವತೆ, ಪೂಜಾರಿ ಬೌದ್ಧ, ಸಾಲಿನಲ್ಲಿ ನಿಂತವರು ಎರಡೂ ಕಡೆಯವರು. ಕಠ್ಮಂಡುವಿನ ಬಸಂತಪುರದಲ್ಲಿ ಜೀವಂತ ದೇವತೆಯೆಂದು ಪೂಜಿಸುವ ಕುಮಾರಿ ಶಾಕ್ಯ ಕುಲದ ಬೌದ್ಧ ಹುಡುಗಿ. ಅವಳಲ್ಲಿ ನೆಲೆಸಿದ್ದಾಳೆ ಎಂದು ನಂಬುವುದು ಮಲ್ಲ ರಾಜರ ಕುಲದೇವತೆ ತಲೇಜುವನ್ನು. (ಕುಮಾರಿ ಮನೆಯ ಅಂಗಳದ ಫೋಟೊ ತೆಗೆಯಬಹುದು, ಕುಮಾರಿಯ ಫೋಟೊ ಖಂಡಿತ ಕೂಡದು. ಬಸ್ಸಿನಲ್ಲೇ ಹೇಳಿಬಿಡಿ.) ಚಾಂಗುನಾರಾಯಣ ಕಣಿವೆಯ ಬಲು ಹಳೆಯ ವಿಷ್ಣು ಕ್ಷೇತ್ರ. ಮಾನದೇವನ ಕ್ರಿ.ಶ. 464ರ ಶಾಸನ ಅಲ್ಲೇ ಇದೆ. ಅದೇ ದೇವರನ್ನು ಬೌದ್ಧರು ಹರಿಹರಿಹರಿವಾಹನ ಲೋಕೇಶ್ವರನ ಕಥೆಗೆ ಸೇರಿಸಿಕೊಂಡಿದ್ದಾರೆ: ಸಿಂಹದ ಮೇಲೆ ಗರುಡ, ಗರುಡನ ಮೇಲೆ ವಿಷ್ಣು, ವಿಷ್ಣುವಿನ ಹೆಗಲ ಮೇಲೆ ಅವಲೋಕಿತೇಶ್ವರ. "ಹರಿ" ಎಂದರೆ ಸಿಂಹವೂ ಹೌದು ಎಂದು ಹೇಳಿದರೆ ಮಕ್ಕಳಿಗೆ ಆ ಹೆಸರು ತಾನಾಗಿ ಬಿಡಿಸಿಕೊಳ್ಳುತ್ತದೆ.

ಹಾಗಾಗಿ ದಿನವನ್ನು ಧರ್ಮದ ಪ್ರಕಾರ ಹಂಚದೆ ಜಾಗದ ಪ್ರಕಾರ ಹಂಚಿ. ಪ್ರತಿ ಜಾಗದಲ್ಲೂ ನಾಲ್ಕೇ ಪ್ರಶ್ನೆ ಬರೆಸಿ: ಪೂಜಾರಿ ಯಾವ ಸಮುದಾಯದವರು? ಕಾಣಿಕೆ ಏನು? ಸುತ್ತು ಬರುವ ಕ್ರಮ ಹೇಗೆ? ಇದೇ ದೇವರಿಗೆ ಇನ್ನೊಂದು ಹೆಸರಿದೆಯೇ? ಕಣಿವೆಯ ಏಳು ತಾಣಗಳು 1979ರಿಂದ ವಿಶ್ವ ಪರಂಪರೆ ಪಟ್ಟಿಯಲ್ಲಿವೆ. ಏಳನ್ನೂ ಮುಟ್ಟಿ ಬರುವ ಹಟ ಬೇಡ, ದಿನಕ್ಕೆ ಎರಡಕ್ಕಿಂತ ಹೆಚ್ಚು ಇಟ್ಟರೆ ಮೂರನೆಯ ಜಾಗದಲ್ಲಿ ಮಕ್ಕಳು ನೆರಳು ಹುಡುಕಿ ಕೂರುತ್ತಾರೆ.

ಕಣಿವೆಯದೇ ಇನ್ನೊಂದು ಹಳೆಯ ನಗರ ಪಾಟನ್‌ಗೆ ಎರಡು ದಿನ ಕೊಡಿ. 1637ರಲ್ಲಿ ಸಿದ್ಧಿನರಸಿಂಹ ಮಲ್ಲ ಕಟ್ಟಿಸಿದ ಕಲ್ಲಿನ ಕೃಷ್ಣ ಮಂದಿರದಲ್ಲಿ ಮಹಾಭಾರತ, ರಾಮಾಯಣದ ಪಟ್ಟಿಕೆಗಳಿವೆ, ಕೆಳಗೆ ನೇವಾರಿಯಲ್ಲಿ ವಿವರಣೆ ಕೆತ್ತಿದ್ದಾರೆ. ಹಳೇಬೀಡಿನ ಪಟ್ಟಿಕೆ ನೋಡಿದ ಮಕ್ಕಳಿಗೆ ಹೋಲಿಸಲು ಒಳ್ಳೆಯ ಸರಕು. ಅಲ್ಲಿಂದ ಕೆಲವೇ ನಿಮಿಷ ನಡೆದರೆ ಹಿರಣ್ಯವರ್ಣ ಮಹಾವಿಹಾರ. ಅಲ್ಲಿನ ಮುಖ್ಯ ಅರ್ಚಕ ಒಬ್ಬ ಚಿಕ್ಕ ಹುಡುಗ, ತಿಂಗಳಿಗೊಮ್ಮೆ ಬದಲಾಗುತ್ತಾನೆ. ಒಳಗೆ ಚರ್ಮದ ಬೂಟು, ಬೆಲ್ಟು ನಿಷಿದ್ಧ.

ಕದ್ರಿ ಕೆರೆ:
ಮೇಲಿನ ಮಾತಿಗೆ ಸೇರಿಸುತ್ತೇನೆ. ಪಾಟನ್‌ನ ರಾತೋ ಮಚ್ಛೀಂದ್ರನಾಥನನ್ನು ಬಿಟ್ಟರೆ ಈ ಪ್ರವಾಸ ಅರ್ಧವೇ. ಬೌದ್ಧರಿಗೆ ಆತ ಕರುಣಾಮಯ ಅವಲೋಕಿತೇಶ್ವರ, ಶೈವರಿಗೆ ನಾಥಪಂಥದ ಮತ್ಸ್ಯೇಂದ್ರನಾಥ, ರೈತರಿಗೆ ಮಳೆ ತರುವ ಬುಂಗದ್ಯಃ. ಗೋರಖನಾಥ ನಾಗಗಳ ಮೇಲೆ ಕುಳಿತು ಮಳೆ ತಡೆದಾಗ 12 ವರ್ಷ ಬರ ಬಂತು, ಆಗ ನರೇಂದ್ರದೇವ ರಾಜ, ಬಂಧುದತ್ತ ಎಂಬ ವಜ್ರಾಚಾರ್ಯ (ನೇವಾರ ಬೌದ್ಧ ಪುರೋಹಿತ) ಮತ್ತು ಒಬ್ಬ ರೈತ ಸೇರಿ ಕಾಮರೂಪದಿಂದ ಈ ದೇವರನ್ನು ತಂದರು ಎಂಬುದು ಕಥೆ.

ಇದರ ಜೋಡಿ ಮಂಗಳೂರಿನಲ್ಲೇ ಇದೆ. ಕದ್ರಿ ಮಂಜುನಾಥ ದೇವಸ್ಥಾನದ ಕಂಚಿನ ಲೋಕೇಶ್ವರ ವಿಗ್ರಹದ ಪೀಠದಲ್ಲಿ ಆಳುಪ ದೊರೆ ಕುಂದವರ್ಮನ ಕ್ರಿ.ಶ. 968ರ ಶಾಸನವಿದೆ, ಅದು ಕದರಿಕಾ ವಿಹಾರವನ್ನು ಹೆಸರಿಸುತ್ತದೆ. ಅದೇ ದೇವಸ್ಥಾನದಲ್ಲಿ ಮತ್ಸ್ಯೇಂದ್ರನಾಥ, ಗೋರಖನಾಥರ ಮೂರ್ತಿಗಳಿವೆ, ಮೇಲಿನ ಗುಡ್ಡದಲ್ಲಿ ಜೋಗಿ ಮಠ. ಲೋಕೇಶ್ವರ, ಮತ್ಸ್ಯೇಂದ್ರ, ಶಿವ ಮೂವರೂ ಒಂದೇ ಆವರಣದಲ್ಲಿ! ಹೊರಡುವ ಮೊದಲು ಒಂದು ದಿನ ಕದ್ರಿ ತೋರಿಸಿ, ಆಮೇಲೆ ಪಾಟನ್‌ಗೆ ಕರೆದೊಯ್ಯಿರಿ. ಬೈಲುಕುಪ್ಪೆಯನ್ನಷ್ಟೇ ತೋರಿಸಿ ಹೊರಟರೆ ಮಕ್ಕಳು ಟಿಬೆಟಿನ ಬೌದ್ಧಧರ್ಮವನ್ನೇ ಎಲ್ಲೆಡೆ ಹುಡುಕುತ್ತಾರೆ. ಕಠ್ಮಂಡುವಿನ ಬೌದ್ಧನಾಥ ಸ್ತೂಪದಲ್ಲಿ ಅದು ಸಿಗುತ್ತದೆ. ಆದರೆ ಪಾಟನ್‌ನ ವಜ್ರಾಚಾರ್ಯರು ಸಂಸಾರಸ್ಥರು, ಅವರ ವಿಧಿಗಳ ಭಾಷೆ ಸಂಸ್ಕೃತ.

ಮಚ್ಛೀಂದ್ರನಾಥನ ಮೂರ್ತಿ ವರ್ಷದಲ್ಲಿ ಸ್ವಲ್ಪ ಕಾಲ ಪಾಟನ್ ಬಳಿಯ ಬುಂಗಮತಿ ಹಳ್ಳಿಯಲ್ಲಿ, ಸ್ವಲ್ಪ ಕಾಲ ಪಾಟನ್‌ನಲ್ಲಿ ಇರುತ್ತದೆ. ನೀವು ಹೋಗುವ ವಾರ ಎಲ್ಲಿದೆ ಎಂದು ಮೊದಲೇ ಕೇಳಿಕೊಳ್ಳಿ, ಇಲ್ಲವಾದರೆ ಖಾಲಿ ಗರ್ಭಗುಡಿ ನೋಡಿ ಬರಬೇಕಾಗುತ್ತದೆ.

ತುಂಗೆಯ ದಡ:
ಕದ್ರಿಯ ವಿಷಯ ಯೋಚಿಸಿಯೇ ಇರಲಿಲ್ಲ, ಸೇರಿಸಿಕೊಳ್ಳುತ್ತೇವೆ. ಪಶುಪತಿನಾಥ ದೇವಸ್ಥಾನದಲ್ಲಿ ಹಿಂದೂಗಳಲ್ಲದ ನಮ್ಮ ನಾಲ್ವರು ಮಕ್ಕಳಿಗೆ ಪ್ರವೇಶ ಸಿಗುವುದೇ?

ಮಲ್ಲರ ಅಂಗಳ:
ಮುಖ್ಯ ಆವರಣಕ್ಕೆ ಇಲ್ಲ. ಆದ್ದರಿಂದ ಪಶುಪತಿಯ ತರಗತಿಯನ್ನು ಬಾಗಮತಿಯ ಪೂರ್ವ ದಡದಲ್ಲೇ ಮಾಡಿ, ಇಡೀ ಗುಂಪಿಗೆ. ಅಲ್ಲಿನ ಮೆಟ್ಟಿಲುಗಳಿಂದ ಎರಡು ಅಂತಸ್ತಿನ ಮಾಡು, ಬೆಳ್ಳಿ ಬಾಗಿಲ ಕಡೆ, ಆರ್ಯಘಾಟ್, ಸಂಜೆಯ ಆರತಿ ಎಲ್ಲ ಕಾಣುತ್ತವೆ. ದರ್ಶನಕ್ಕೆ ಹೋಗಬಯಸುವವರು ಬೆಳಿಗ್ಗೆ ಬೇಗ ಒಬ್ಬ ಉಪನ್ಯಾಸಕರ ಜೊತೆ ಹೋಗಿ ಬರಲಿ, ಅದು ತರಗತಿಯಲ್ಲ. ಬಾಗಿಲಲ್ಲಿ ನಾಲ್ಕು ಮಕ್ಕಳನ್ನು ಬೇರೆ ನಿಲ್ಲಿಸಿ ಉಳಿದವರು ಒಳಗೆ ಹೋಗುವ ಸನ್ನಿವೇಶ ಆಗಲೇಬಾರದು. ಆ ಮಕ್ಕಳು ಜೀವನಪೂರ್ತಿ ನೆನಪಿಟ್ಟುಕೊಳ್ಳುವುದು ಅದನ್ನೇ.

ಅಲ್ಲಿನ ಲಿಂಗದ ನಾಲ್ಕು ದಿಕ್ಕಿನ ಮುಖಗಳ ಹೆಸರು ಮೊದಲೇ ಕಲಿಸಿ: ಪೂರ್ವಕ್ಕೆ ತತ್ಪುರುಷ, ದಕ್ಷಿಣಕ್ಕೆ ಅಘೋರ, ಪಶ್ಚಿಮಕ್ಕೆ ಸದ್ಯೋಜಾತ, ಉತ್ತರಕ್ಕೆ ವಾಮದೇವ, ಮೇಲೆ ಈಶಾನ. ಪೂಜೆಗೆ ದಕ್ಷಿಣ ಭಾರತದ, ಅದರಲ್ಲೂ ಕರ್ನಾಟಕದ ಭಟ್ಟರನ್ನು ನೇಮಿಸುವ ಸಂಪ್ರದಾಯ ಹಳೆಯದು. ಕನ್ನಡದ ಮಕ್ಕಳಿಗೆ ಇದು ಕಿವಿ ನಿಮಿರಿಸುವ ಸಂಗತಿ. ಘಾಟಿನಲ್ಲಿ ಚಿತೆ ಉರಿಯುತ್ತಿರುತ್ತದೆ. ಅಲ್ಲಿ ಫೋನ್ ಜೇಬಿನಲ್ಲೇ ಇರಬೇಕು.

ಅಕ್ಷರ ಸೇವೆ:
ಸ್ವಯಂಸೇವೆಯ ಬಗ್ಗೆ ನನ್ನ ಅಭಿಪ್ರಾಯ: ಅನಾಥಾಶ್ರಮ ಇರಲಿ. ನಮ್ಮ ಮಕ್ಕಳಿಗೆ ಬೇರೆಯವರ ಕಷ್ಟ ಕಾಣಬೇಕು. ಎರಡು ದಿನ ಹಾಡು, ಆಟ, ಪುಸ್ತಕ ಹಂಚಿಕೆ. ಇದರಲ್ಲಿ ತಪ್ಪೇನು?

ಗುಠಿ ಗೆಳೆಯರು:
ಸರ್, ನಿಮ್ಮ ಉದ್ದೇಶ ಒಳ್ಳೆಯದೇ, ಆದರೆ ಆ ಕೆಲಸದಿಂದ ಹಾನಿಯಿದೆ. ನೇಪಾಳದ ಮಕ್ಕಳ ಆಶ್ರಮಗಳಲ್ಲಿರುವ ಬಹುಪಾಲು ಮಕ್ಕಳಿಗೆ ತಂದೆಯೋ ತಾಯಿಯೋ ಬದುಕಿದ್ದಾರೆ. "ಓದಿಸುತ್ತೇವೆ" ಎಂದು ಹಳ್ಳಿಗಳಿಂದ ಮಕ್ಕಳನ್ನು ತಂದು, ಅವರನ್ನು ತೋರಿಸಿ ಪ್ರವಾಸಿಗರಿಂದ ಹಣ ಎತ್ತುವ ದಂಧೆ ನಡೆದಿದೆ. 2015ರ ಭೂಕಂಪದ ನಂತರ ಯುನಿಸೆಫ್ ಕೂಡ ಇದರ ಬಗ್ಗೆ ಎಚ್ಚರಿಸಿತ್ತು. ಭೇಟಿ ಕೊಡುವವರು ಹೆಚ್ಚಾದಷ್ಟೂ ಅಂಥ ಆಶ್ರಮಕ್ಕೆ ಮಕ್ಕಳು ಬೇಕಾಗುತ್ತಾರೆ. ಒಳ್ಳೆಯ ಆಶ್ರಮದಲ್ಲೂ ಎರಡು ದಿನ ತಬ್ಬಿ ಆಡಿಸಿ ಮೂರನೆಯ ದಿನ ಮಾಯವಾಗುವ ಅಕ್ಕ ಅಣ್ಣಂದಿರು ಆ ಮಕ್ಕಳಿಗೆ ಪ್ರತಿಸಲವೂ ಒಂದು ಅಗಲಿಕೆ. ಗುರುತು ಪರಿಚಯವಿಲ್ಲದ 28 ಜನರನ್ನು ಸುಮ್ಮನೆ ಒಳಗೆ ಬಿಡುವ ಆಶ್ರಮ ಮಕ್ಕಳ ಸುರಕ್ಷತೆ ನೋಡಿಕೊಳ್ಳುತ್ತಿಲ್ಲ ಎಂದೇ ಅರ್ಥ. ಏಜೆಂಟರಿಗೆ ಬೇಡ ಎಂದು ಹೇಳಿ.

ಬದಲಿಗೆ ಎರಡು ಕೆಲಸ.

ಒಂದು, ಬಾಗಮತಿ ಸ್ವಚ್ಛತೆ. 2013ರಿಂದ ಪ್ರತಿ ಶನಿವಾರ ಬೆಳಿಗ್ಗೆ ಊರ ಜನರೇ ನಡೆಸಿಕೊಂಡು ಬಂದಿರುವ ಅಭಿಯಾನ. ನೀವು ಹೋಗದಿದ್ದರೂ ನಡೆಯುವ ಕೆಲಸ, ಹಾಗಾಗಿ ಹೋದರೆ ಯಾರಿಗೂ ಹೊರೆಯಲ್ಲ. ದಪ್ಪ ರಬ್ಬರ್ ಕೈಗವಸು, ಕಣಕಾಲು ಮುಚ್ಚುವ ಬೂಟು, ಮಾಸ್ಕ್ ಪ್ರತಿಯೊಬ್ಬರಿಗೂ. ಹೊರಡುವ ಮೊದಲೇ ಧನುರ್ವಾಯು ಚುಚ್ಚುಮದ್ದು ಸರಿಯಿದೆಯೇ ನೋಡಿ. ನೀರಿಗೆ ಇಳಿಯಬಾರದು, ಕಾಲಲ್ಲಿ ಕೈಯಲ್ಲಿ ಗಾಯವಿದ್ದವರಿಗೆ ದಡದ ಮೇಲೆ ಚೀಲ ಕಟ್ಟುವ ಕೆಲಸ. ಕೊಳಚೆ ನೀರು ಗಾಯಕ್ಕೆ ಸೋಕಿದರೆ ಇಲಿ ಜ್ವರದ ಅಪಾಯವಿದೆ, ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. 7 ಜನರ 4 ಗುಂಪು: ಪ್ರತಿ ಗುಂಪಿನಲ್ಲಿ ನಾಲ್ವರು ಆಯುವವರು, ಇಬ್ಬರು ಚೀಲ ಹಿಡಿಯುವವರು, ಒಬ್ಬರು ಗಾಜು ಮತ್ತು ಸೂಜಿ ಕಂಡರೆ ಕೂಗಿ ಹೇಳಿ ಇಕ್ಕಳದಿಂದ ಬೇರೆ ಡಬ್ಬಿಗೆ ಹಾಕುವವರು.

ಎರಡು, ಹಿತಿಗಳ ದಾಖಲಾತಿ. ಹಿತಿ ಅಂದರೆ ನೆಲಮಟ್ಟಕ್ಕಿಂತ ಕೆಳಗೆ ಇಳಿದು ನೀರು ಹಿಡಿಯುವ ಕಲ್ಲಿನ ನಲ್ಲಿ. ನಮ್ಮ ಕಲ್ಯಾಣಿಯ ದಾಯಾದಿ ಎನ್ನಬಹುದು, ಆದರೆ ನಿಂತ ನೀರಲ್ಲ, ಮಕರದ ಬಾಯಿಂದ ಹರಿಯುವ ನೀರು. ಪಾಟನ್‌ನ ಕೃಷ್ಣ ಮಂದಿರದ ಬಳಿಯ ಮಂಗ ಹಿತಿ 6ನೇ ಶತಮಾನದ್ದು. ನೀರು ತರುತ್ತಿದ್ದ ರಾಜಕುಲೋ ಕಾಲುವೆಗಳು ತುಂಡಾದವು, ಆಳದ ತಳಪಾಯಗಳು ಒಳದಾರಿ ಕಡಿದವು, ನೆಲಕ್ಕೆ ಕಾಂಕ್ರೀಟು ಬಿದ್ದು ಇಂಗುವುದು ನಿಂತಿತು. ಹೀಗೆ ಎಷ್ಟೋ ಹಿತಿಗಳು ಬತ್ತಿವೆ.

ಮಕ್ಕಳು ಮಾಡಬಹುದಾದ್ದು: ನಾಲ್ಕು ದಿಕ್ಕಿನಿಂದ ತಲಾ ಒಂದು ಫೋಟೊ, ಗುಂಡಿಯ ಉದ್ದ, ಅಗಲ, ಆಳ, ನಲ್ಲಿಗಳ ಸಂಖ್ಯೆ, ಎಷ್ಟರಲ್ಲಿ ನೀರಿದೆ. ಹರಿವು ಅಳೆಯಲು 10 ಲೀಟರ್ ಬಕೆಟ್ ಇಟ್ಟು ಸೆಕೆಂಡು ಎಣಿಸಬೇಕು. 25 ಸೆಕೆಂಡಿನಲ್ಲಿ ತುಂಬಿದರೆ ನಿಮಿಷಕ್ಕೆ 24 ಲೀಟರ್. ಮೂರು ಸಲ ಅಳೆದು ಸರಾಸರಿ ಬರೆಯಿರಿ. ನೀರು ಹಿಡಿಯಲು ಬಂದವರ ಸರದಿ ತಪ್ಪಿಸಬೇಡಿ, ಬೆಳಿಗ್ಗೆ 10ರ ನಂತರ ಹೋಗಿ. ಇದಕ್ಕೆ ಆ ವಾರ್ಡಿನ ಕಚೇರಿಗೆ ಒಂದು ತಿಂಗಳು ಮೊದಲೇ ಪತ್ರ ಬರೆದು ಒಪ್ಪಿಗೆ ಪಡೆಯಬೇಕು, ಅಲ್ಲಿನ ಗುಠಿಯ ಹಿರಿಯರೊಬ್ಬರು ಜೊತೆಗಿರಬೇಕು. ಗುಠಿ ಅಂದರೆ ದೇವಸ್ಥಾನ, ಜಾತ್ರೆ, ನೀರು ಇವುಗಳ ಹೊಣೆ ಹೊತ್ತ ಸಮುದಾಯದ ಕೂಟ. ಅಳತೆಯ ಪಟ್ಟಿಯನ್ನು ನಿಮ್ಮ ಕಾಲೇಜಿನ ಪತ್ರಿಕೆಗೆ ಹಾಕುವ ಮೊದಲು ಅವರ ಕೈಗೆ ಕೊಡಿ.

ಅಕ್ಷರ ಸೇವೆ:
ಈ ದೃಷ್ಟಿಯಿಂದ ನೋಡಿರಲಿಲ್ಲ. ಒಪ್ಪಿದೆ. ಹಾಗಿದ್ದರೆ ಗುಡಿಗಳ ಕಲ್ಲು ತೊಳೆಯುವ ಕೆಲಸ ಮಾಡಬಹುದೇ?

ಉಳಿ ಸುತ್ತಿಗೆ:
ಮೂರ್ತಿ ಮುಟ್ಟಬೇಡಿ. ಕುಂಕುಮ, ಎಣ್ಣೆ ಕೊಳೆಯಲ್ಲ, ಅದು ಪೂಜೆ. ತಂತಿ ಬ್ರಷ್ ಉಜ್ಜಿದರೆ ಕಲ್ಲಿನ ಮೇಲ್ಪದರ ಹೋಗಿ ನಂತರ ಇನ್ನೂ ಬೇಗ ಸವೆಯುತ್ತದೆ. ಸೋಪಿನ ಪುಡಿಯ ಲವಣ ಕಲ್ಲಿನ ರಂಧ್ರಕ್ಕೆ ಇಳಿದು, ಒಣಗುವಾಗ ಹರಳುಗಟ್ಟಿ ಚಕ್ಕೆ ಎಬ್ಬಿಸುತ್ತದೆ. ಆಮ್ಲದ ಮಾತೇ ಬೇಡ. ಚಿನ್ನದ ನೀರು ಕೊಟ್ಟ ತಾಮ್ರದ ತಗಡನ್ನು ಒಣಬಟ್ಟೆಯಲ್ಲಿ ತಿಕ್ಕಿದರೂ ಲೇಪ ಸವೆಯುತ್ತದೆ. ಮಾಡಿನ ಹೆಂಚಿನ ಸಂದಿಯಲ್ಲಿ ಹುಲ್ಲು ಕಂಡರೆ ಕೀಳಲು ಹತ್ತಬೇಡಿ. ಹೆಂಚು ಕೂತಿರುವುದು ಹಳದಿ ಜೇಡಿಯ ಮೇಲೆ, ಬೇರಿನ ಜೊತೆ ಜೇಡಿಯೂ ಎದ್ದು ಬಂದು ಮಳೆಗಾಲದಲ್ಲಿ ಸೋರುತ್ತದೆ. ಅಂಗಳ ಗುಡಿಸುವುದು, ಹಿತಿಯ ಹೂಳು ತೆಗೆಯುವುದು, ಅದೂ ಗುಠಿಯವರು ಹೇಳಿದರೆ ಮಾತ್ರ.

ಕೈಯಲ್ಲಿ ಕೆಲಸ ಮಾಡದೆ ಕಣ್ಣಿಂದ ಕಲಿಯಲು ಕಠ್ಮಂಡುವಿನ ಹಳೆಯ ಮರದ ಕಟ್ಟಡ ಕಾಷ್ಠಮಂಡಪ ಒಂದೇ ಸಾಕು. 2015ರ ಏಪ್ರಿಲ್ 25ರ 7.8 ತೀವ್ರತೆಯ ಕಂಪನಕ್ಕೆ ಪೂರ್ತಿ ಕುಸಿಯಿತು. ಆ ಹೊತ್ತಿಗೆ ಒಳಗೆ ರಕ್ತದಾನ ಶಿಬಿರ ನಡೆಯುತ್ತಿತ್ತು, ಜನ ಸತ್ತರು. ಬಳಿಕ ಅಗೆದು ನೋಡಿದಾಗ ತಳಪಾಯ 7ನೇ ಶತಮಾನದಷ್ಟು ಹಳೆಯದು, ಗಟ್ಟಿಮುಟ್ಟಾಗಿತ್ತು. ಆದರೆ ನಾಲ್ಕು ಮುಖ್ಯ ಕಂಬಗಳಲ್ಲಿ ಒಂದು ಅಡಿಗಲ್ಲಿನ ಮೇಲೆ ಕೂತೇ ಇರಲಿಲ್ಲ. ಈಗ ಮರದಲ್ಲೇ ಮರಳಿ ಕಟ್ಟಿದ್ದಾರೆ. ಕಂಬದ ಬುಡ ಕಲ್ಲಿಗೆ ಹೇಗೆ ಕೂರುತ್ತದೆ ಎಂದು ಮಕ್ಕಳಿಂದ ಚಿತ್ರ ಬರೆಸಿ.

ಬ್ರಾಹ್ಮಿ ಪ್ರಿಯ:
ಲುಂಬಿನಿಗೆ ಒಂದು ಪಾಠ ಸೂಚಿಸುತ್ತೇನೆ. ಅಶೋಕನ ಕಂಬದ ಶಾಸನ ಐದೇ ಸಾಲು. "ದೇವಾನಪಿಯೇನ ಪಿಯದಸಿನ ಲಾಜಿನ ವೀಸತಿವಸಾಭಿಸಿತೇನ": ಪಟ್ಟಕ್ಕೆ ಬಂದು 20 ವರ್ಷವಾದ ಪ್ರಿಯದರ್ಶಿ ರಾಜ. ಮುಂದೆ "ಹಿದ ಬುಧೇ ಜಾತೇ ಸಕ್ಯಮುನೀ", ಇಲ್ಲಿ ಶಾಕ್ಯಮುನಿ ಬುದ್ಧ ಹುಟ್ಟಿದ. ಕೊನೆಯಲ್ಲಿ ಲುಂಬಿನಿ ಊರಿಗೆ "ಬಲಿ" ಎಂಬ ತೆರಿಗೆ ಮನ್ನಾ, ಫಸಲಿನಲ್ಲಿ ಎಂಟನೆಯ ಒಂದು ಪಾಲು ಮಾತ್ರ. ರಾಜ "ಲಾಜ" ಆಗಿರುವುದನ್ನು ಗಮನಿಸಿ, ಅದು ಮಾಗಧಿಯ ಛಾಯೆ. ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ "ಆರೋಗಿಯಂ" ಎಂದು ರಕಾರ ಉಳಿದಿದೆ. ಮಸ್ಕಿಯಲ್ಲಿ ಅಶೋಕನ ಹೆಸರೇ ಇದೆ. ಮೂರರ ಪಡಿಯಚ್ಚು ಅಚ್ಚು ಹಾಕಿ ಕೊಟ್ಟು, ಕಂಬದ ಎದುರು ಅಕ್ಷರ ಹುಡುಕಿಸಿ. ಬ್ರಾಹ್ಮಿಯ 15 ಅಕ್ಷರ ಮೊದಲೇ ಕಲಿತಿದ್ದರೆ ಸಾಕು.

ಇನ್ನೊಂದು ಎಚ್ಚರಿಕೆ: ಬುದ್ಧ ಭಾರತದಲ್ಲಿ ಹುಟ್ಟಿದ ಎಂದು ಯಾವ ಮಗುವೂ ಅಲ್ಲಿ ಬಾಯಿ ತಪ್ಪಿಯೂ ಹೇಳಬಾರದು. ಅವರಿಗೆ ಅದು ನೋವಿನ ವಿಷಯ, ಮತ್ತು ಮಾತೂ ತಪ್ಪು.

ಹಿಮದ ದಾರಿ:
ದಾರಿ, ದುಡ್ಡು, ಊಟ. ಯಶವಂತಪುರದಿಂದ ಗೋರಖ್‌ಪುರಕ್ಕೆ ರೈಲು, ಅಲ್ಲಿಂದ ಸುನೌಲಿ ಗಡಿಗೆ ಸುಮಾರು 100 ಕಿ.ಮೀ. ಬಸ್ಸು. ಗಡಿ ದಾಟಿ ನೇಪಾಳದ ಬಸ್ಸು ಹಿಡಿಯಿರಿ, ಭಾರತದ ವಾಹನ ಒಯ್ದರೆ ಭನ್ಸಾರ್ (ಸುಂಕದ) ಚೀಟಿ, ಪರವಾನಗಿ ಎಂದು ಅರ್ಧ ದಿನ ಹೋಗುತ್ತದೆ. ಗಡಿಯಿಂದ ಲುಂಬಿನಿಗೆ ಒಂದು ತಾಸು. ಲುಂಬಿನಿಯಿಂದ ಕಠ್ಮಂಡುವಿಗೆ ರಸ್ತೆಯಲ್ಲಿ 10 ತಾಸು ಹಿಡಿಯುತ್ತದೆ, ಬೆಳಿಗ್ಗೆ 6ಕ್ಕೇ ಹೊರಡಿ.

100 ಭಾರತೀಯ ರೂಪಾಯಿಗೆ 160 ನೇಪಾಳಿ ರೂಪಾಯಿ, ಇದು ನಿಗದಿತ ದರ. 100ರ ಮತ್ತು ಅದಕ್ಕಿಂತ ಚಿಕ್ಕ ನೋಟುಗಳನ್ನೇ ಒಯ್ಯಿರಿ. ದೊಡ್ಡ ನೋಟುಗಳನ್ನು ನೇಪಾಳ 2018ರಲ್ಲಿ ನಿಷೇಧಿಸಿತ್ತು, ನಿಯಮ ಬದಲಾಗುತ್ತಿರುವುದರಿಂದ ಹೊರಡುವ ವಾರ ಒಮ್ಮೆ ವಿಚಾರಿಸಿ. ಫೋನ್‌ಪೇ ಅಲ್ಲ, "ಫೋನೆಪೇ" ಎಂಬ ನೇಪಾಳದ ಕ್ಯೂಆರ್ ಫಲಕವಿರುವ ಅಂಗಡಿಗಳಲ್ಲಿ 2024ರಿಂದ ನಮ್ಮ ಯುಪಿಐ ನಡೆಯುತ್ತದೆ. ಪ್ರವೇಶ ಶುಲ್ಕದಲ್ಲಿ ಸಾರ್ಕ್ ದೇಶದವರಿಗೆ ಬೇರೆ ದರ, ಟಿಕೆಟ್ ಕಿಟಕಿಯಲ್ಲಿ ಗುರುತಿನ ಪತ್ರ ಕೈಯಲ್ಲಿರಲಿ.

ದಾಲ್‌ಭಾತ್ ಎಲ್ಲೆಡೆ ಸಿಗುತ್ತದೆ. ಸಸ್ಯಾಹಾರಿಗಳಿಗೆ ಒಂದು ಪದ ಕಲಿಸಿ: "ಬಫ್" ಅಂದರೆ ಎಮ್ಮೆ ಅಥವಾ ಕೋಣದ ಮಾಂಸ, ಮೊಮೊದಲ್ಲಿ ಸಾಮಾನ್ಯ. ನೇವಾರರ ಸಮಯ್‌ಬಜಿಯಲ್ಲಿ ಮುಖ್ಯವಾದದ್ದು ಅವಲಕ್ಕಿ, ಮಕ್ಕಳಿಗೆ ಹೊಸದೆನಿಸುವುದಿಲ್ಲ. ನಲ್ಲಿ ನೀರು ಕುಡಿಯಬೇಡಿ.

ತುಂಗೆಯ ದಡ:
ಎಲ್ಲರಿಗೂ ವಂದನೆ. ಹೊಸ ಪಟ್ಟಿ ಹೀಗಿದೆ: ನವೆಂಬರ್ ಕೊನೆಯಲ್ಲಿ. ಸೋಮವಾರ ಗಡಿ ದಾಟಿ ಲುಂಬಿನಿ, ಮಂಗಳವಾರ ಅಲ್ಲೇ, ಬುಧವಾರ ಪ್ರಯಾಣ. ಗುರುವಾರ ಪಾಟನ್, ಶುಕ್ರವಾರ ಹಿತಿ ದಾಖಲಾತಿ ಮತ್ತು ಬುಂಗಮತಿ. ಶನಿವಾರ ಬೆಳಿಗ್ಗೆ ಬಾಗಮತಿ, ಮಧ್ಯಾಹ್ನ ವಿಶ್ರಾಂತಿ. ಭಾನುವಾರ ಪಶುಪತಿ, ಬೌದ್ಧನಾಥ. ಸೋಮವಾರ ಸ್ವಯಂಭೂ, ಕಾಷ್ಠಮಂಡಪ. ಮಂಗಳವಾರ ಚಾಂಗುನಾರಾಯಣ, ಭಕ್ತಪುರ. ಮರುದಿನ ವಿಮಾನದಲ್ಲಿ ವಾಪಸ್. ಅನಾಥಾಶ್ರಮ ತೆಗೆದಿದ್ದೇವೆ. ಕದ್ರಿಗೆ ಅಕ್ಟೋಬರ್‌ನಲ್ಲಿ ಹೋಗುತ್ತೇವೆ.

ಮಲ್ಲರ ಅಂಗಳ:
ಚೆನ್ನಾಗಿದೆ. ಪಶುಪತಿಯನ್ನು ಸೋಮವಾರಕ್ಕೆ ಇಡದೆ ಇದ್ದದ್ದು ಒಳ್ಳೆಯದಾಯಿತು, ಅಂದು ಜನಜಂಗುಳಿ. 10 ತಾಸು ಬಸ್ಸಿನಲ್ಲಿ ಕೂತು ಬಂದ ಮರುದಿನ, ಗುರುವಾರ, 11ಕ್ಕೆ ಮೊದಲು ಏನೂ ಇಡಬೇಡಿ.

ಗುಠಿ ಗೆಳೆಯರು:
ಬಕೆಟ್ ಇಲ್ಲಿಂದ ಹೊರುವುದು ಬೇಡ, ಪಾಟನ್‌ನಲ್ಲೇ 4 ಕೊಳ್ಳಿ. ಆದರೆ ಅಂಗಡಿಯವರು 10 ಲೀಟರ್ ಎಂದದ್ದನ್ನು ನಂಬಬೇಡಿ. 1 ಲೀಟರ್ ಬಾಟಲಿಯಲ್ಲಿ ಹತ್ತು ಸಲ ನೀರು ಸುರಿದು, ಮಟ್ಟ ನಿಂತಲ್ಲಿ ಒಳಗಡೆ ಅಳಿಸದ ಶಾಯಿಯಿಂದ ಗೆರೆ ಎಳೆಯಿರಿ. ನಾಲ್ಕೂ ಬಕೆಟ್‌ಗೆ ಬೇರೆ ಬೇರೆಯಾಗಿ. ಕೆಲಸ ಮುಗಿದ ಮೇಲೆ ಗುಠಿಯವರಿಗೇ ಬಿಟ್ಟು ಬನ್ನಿ, ಬೇಸಿಗೆಯಲ್ಲಿ ಅವರು ಮತ್ತೆ ಅಳೆಯಬಹುದು.